ಕಿಬೋಕೊ ಬಾರಿನ ಗೇಟು

ಸೋಮವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ನೈರೋಬಿಯ ಲಿಮುರು ರಸ್ತೆ ಬದಿಯ ಠಾಣೆಗೆ ಒಬ್ಬ ಹೆಂಗಸು ಬಂದು, ಯಾರನ್ನೂ ಕೇಳದೆ ಇನ್‌ಸ್ಪೆಕ್ಟರ್ ಚೆಮ್ತಾಯ್ ಎದುರು ಕುಳಿತಳು. ಹೆಸರು ಲಿಡಿಯಾ. ಹಿಂದಿನ ದಿನ ಮಧ್ಯಾಹ್ನ ಇಳಿಜಾರಿನಲ್ಲಿ ಬೈಕಿನಿಂದ ಬಿದ್ದು ಸತ್ತ ಕಗೇಹಾಳ ಅಕ್ಕ.

"ಅತಿವೇಗ ಅಂತ ಬರ್ಕೊಂಡಿದಾರೆ ನಿಮ್ಮ ಟ್ರಾಫಿಕ್‌ನೋರು. ಹನ್ನೊಂದು ವರ್ಷದಿಂದ ಬೈಕ್ ಕಲಿಸೋ ಕೆಲಸ ಮಾಡ್ತಿದ್ಲು ನನ್ನ ತಂಗಿ. ಇಳಿಜಾರಲ್ಲಿ ಹೇಗೆ ಇಳೀಬೇಕು ಅಂತ ಊರಿಗೆಲ್ಲ ಹೇಳಿಕೊಟ್ಟೋಳು."

"ಬೈಕು ಅವಳದೇನಾ?"

"ಅಲ್ಲ. ಮುಗಂಬಿ ಅಂತ, ಅವಳ ಕ್ಲಬ್ಬಿನವನದು. ಎಲ್ರೂ ಕಿಬೋಕೊ ಬಾರಲ್ಲಿ ಊಟಕ್ಕೆ ಸೇರಿದ್ರು. ಒಂದು ಸುತ್ತು ಹೋಗಿ ಬರ್ತೀನಿ ಅಂತ ಇಸ್ಕೊಂಡ್ಲಂತೆ."

ಚೆಮ್ತಾಯ್ ದೂರು ದಾಖಲಿಸಿಕೊಂಡಳು. ಹತ್ತು ಗಂಟೆಗೆ ಠಾಣೆಯ ಹಿತ್ತಲಲ್ಲಿ ಮೆಕ್ಯಾನಿಕ್ ಬೈಕನ್ನು ಪರೀಕ್ಷಿಸಿದ. ಮುಂದಿನದೂ ಹಿಂದಿನದೂ, ಎರಡೂ ಬ್ರೇಕಿನ ಎಣ್ಣೆ ಪೈಪುಗಳ ನಟ್ಟು ಸಡಿಲ. ಎರಡರ ಮೇಲೂ ಹೊಸ ಸ್ಪಾನರ್ ಗುರುತು.

"ಮೊದಲ ನಾಲ್ಕು ಸಲ ಒತ್ತಿದಾಗ ಹಿಡಿಯುತ್ತೆ ಮೇಡಂ," ಎಂದ ಅವನು. "ಐದನೇದಕ್ಕೆ ದೇವರೇ ಗತಿ."

ಹನ್ನೊಂದೂವರೆಗೆ ಚೆಮ್ತಾಯ್ ಕಾನ್‌ಸ್ಟೇಬಲ್ ಮ್ವಾಕಿಯೊ ಜೊತೆ ಬಾರಿಗೆ ಹೋಗಿ ಮಹಜರು ಮಾಡಿದಳು. ಬೈಕಿನವರು ಈ ಬಾರನ್ನು ಬಿಟ್ಟು ಬೇರೆಡೆ ಹೋಗದಿರಲು ಕಾರಣವಿತ್ತು. ಸ್ಟ್ಯಾಂಡು ಹೂತುಹೋಗದ ಕಲ್ಲುಹಾಸು, ಹೆಲ್ಮೆಟ್ಟಿಡಲು ಕಪಾಟು, ಸುತ್ತ ಗೋಡೆಯಿದ್ದ ಅಂಗಳ, ಒಂದೇ ಗೇಟು. ಮುಗಂಬಿಯ ಗಾಡಿ ನಿಂತಿದ್ದ ಕಡೆ ಕಲ್ಲಿನ ಮೇಲೆ ಎಣ್ಣೆಯ ಕಲೆ ಇತ್ತು.

ಗೇಟು ಕಾಯುವವನು ಕಿಲೊಂಜೊ, ಅರವತ್ತರ ಹತ್ತಿರದವನು. ಸೆಲ್ಯೂಟ್ ಹೊಡೆದ.

"ಈ ಅಂಗಳಕ್ಕೆ ಯಾರ್ಯಾರು ಬರ್ತಾರೆ ಬಾಬಾ?"

"ಗಾಡಿ ನಿಲ್ಸಿ ಒಳಗೆ ಹೋದ ಮೇಲೆ ನಾನೊಬ್ನೇ."

"ಭಾನುವಾರ?"

"ಅವತ್ತೂ ನಾನೊಬ್ನೇ."

ಹೊರಗೆ ಬಂದ ಮೇಲೆ ಮ್ವಾಕಿಯೊ ತಲೆಯಾಡಿಸಿದ. "ಈ ಮುದುಕನಿಗೇನು ದ್ವೇಷ ಮೇಡಂ? ಬಿಸಿಲಿಗೆ ಸೀಟು ಕಾಯುತ್ತೆ ಅಂತ ಎಲ್ರ ಗಾಡಿಗೂ ರಟ್ಟು ಮುಚ್ತಾನಂತೆ."

ದ್ವೇಷ ಏನೆಂಬುದೇ ಗೊತ್ತಾಗಬೇಕಿತ್ತು. ಮುಗಂಬಿ ತನಗೆ ವೈರಿಗಳೇ ಇಲ್ಲವೆಂದು ಹೇಳಿಕೆ ಕೊಟ್ಟ. ಕ್ಲಬ್ಬಿನವರು ಹಿಂದೆ ಹೋಗುತ್ತಿದ್ದ ಐದು ಬಾರುಗಳ ಹೆಸರು ಬರೆದುಕೊಟ್ಟ. ಮಂಗಳವಾರವಿಡೀ ಮ್ವಾಕಿಯೊ ಊರು ಸುತ್ತಿದ. ಎರಡು ಕಡೆ ಏನೂ ಸಿಗಲಿಲ್ಲ. ಬುಧವಾರ ಮಧ್ಯಾಹ್ನ ತಿಕಾ ರಸ್ತೆಯ ಬಾರಿನಲ್ಲಿ ಮಾಂಸ ಸುಡುವ ಹೆಂಗಸು ಬಾಯಿಬಿಟ್ಟಳು. ಎರಡು ವರ್ಷದ ಕೆಳಗೆ ಅಲ್ಲಿ ಊಟ ಬಡಿಸುತ್ತಿದ್ದ ಮುಂಬುವಾ ಎಂಬ ಹುಡುಗಿಯನ್ನು ಮುಗಂಬಿ ಬಸ್‌ಸ್ಟಾಪಿಗೆ ಬಿಡುತ್ತೇನೆಂದು ಹಿಂದೆ ಕೂರಿಸಿಕೊಂಡು ಹೋಗಿದ್ದ. ಲಾರಿಗೆ ಗುದ್ದಿದ. ಅವನ ಮಣಿಕಟ್ಟು ಮುರಿಯಿತು, ಅವಳು ಅಲ್ಲೇ ಹೋದಳು.

"ಅವಳಪ್ಪ ಬಂದಿದ್ದ, ಕಿಲೊಂಜೊ ಅಂತ. ಅಳಲಿಲ್ಲ, ಬಯ್ಯಲಿಲ್ಲ. ಆ ಕ್ಲಬ್ಬಿನೋರು ಈಗ ಯಾವ ಬಾರಿಗೆ ಹೋಗ್ತಾರೆ ಅಂತ ಕೇಳ್ದ, ಹೋದ."

ಸಂಜೆ ನಾಲ್ಕಕ್ಕೆ ಚೆಮ್ತಾಯ್ ಕಿಬೋಕೊ ಬಾರಿನ ಕಾವಲುಗೂಡಿನ ಬಾಗಿಲಲ್ಲಿ ನಿಂತಿದ್ದಳು. ಹಸಿರು ಬಳಿದ ಬೆಂಚಿನ ಮೇಲೆ ಒಂದು ಸ್ಪಾನರ್. ಅದರ ಕೆಳಗೆ, ಅದರದೇ ಆಕಾರದಲ್ಲಿ, ಬಣ್ಣ ಗುಳ್ಳೆಯೆದ್ದು ಕಿತ್ತುಬಂದಿತ್ತು. ಬ್ರೇಕ್ ಎಣ್ಣೆ ಬಣ್ಣವನ್ನು ಹಾಗೆಯೇ ತಿನ್ನುತ್ತದೆ.

ಕಿಲೊಂಜೊ ಅವಳ ಕಣ್ಣು ಹೋದ ಕಡೆ ನೋಡಿದ. ನಂತರ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕುಳಿತ.

"ಮುಗಂಬಿಗೆ ಅಂತ ಮಾಡಿದ್ದಾ?"

"ಹೂಂ."

"ಆ ಹೆಂಗಸು ಹತ್ತಿದ್ದು ನೋಡಿದ್ಯಾ?"

"ನೋಡ್ದೆ."

"ಕೂಗಬಹುದಿತ್ತಲ್ಲ ಬಾಬಾ."

"ಬಾಯಿ ತೆಗೆದೆ ತಾಯಿ. ಕೂಗಿದ್ರೆ ನಾನು ಸಿಕ್ಕಿಬೀಳ್ತೀನಿ, ಅವನು ಉಳ್ಕೋತಾನೆ ಅನ್ನಿಸ್ತು. ಅವಳು ಹಾರ್ನ್ ಹೊಡೆದ್ಲು. ಗೇಟು ತೆಗೆದೆ." ಅವನು ಟೋಪಿಯ ಅಂಚನ್ನು ತಿರುಗಿಸುತ್ತಲೇ ಇದ್ದ. "ಥ್ಯಾಂಕ್ಯೂ ಬಾಬಾ ಅಂತ ಅಂದು ಹೋದ್ಲು."

ಐದು ಹತ್ತಕ್ಕೆ ಬಂಧನವಾಯಿತು. ಹೇಳಿಕೆಯಲ್ಲಿ ಅವನು ಇಷ್ಟೇ ಸೇರಿಸಿದ: ಎರಡು ವರ್ಷ ಪ್ರತಿ ಭಾನುವಾರ ಮುಗಂಬಿ ಹೆಲ್ಮೆಟ್ಟನ್ನು ನನ್ನ ಕೈಗೇ ಕೊಡುತ್ತಿದ್ದ. ಒಂದು ದಿನವಾದರೂ ನನ್ನ ಮಗಳ ಮಾತು ತೆಗೆದಾನು ಎಂದು ಕಾದೆ. ಕಳೆದ ತಿಂಗಳು ಅವನು ಗೆಳೆಯರಿಗೆ ಮಣಿಕಟ್ಟು ತೋರಿಸಿ, ಲಾರಿಯ ಕತೆ ಹೇಳಿ ನಗಿಸುತ್ತಿದ್ದ. ಕತೆಯಲ್ಲಿ ಅವನೊಬ್ಬನೇ ಇದ್ದ.

ಮರುದಿನ ಮುಗಂಬಿಯನ್ನು ಸಹಿಗೆ ಕರೆಸಿದಾಗ ಚೆಮ್ತಾಯ್ ಕೇಳಿದಳು, "ತಿಕಾ ರಸ್ತೆ ಬಾರಿನ ಹುಡುಗಿ. ಹೆಸರು ನೆನಪಿದೆಯಾ?"

ಅವನು ಹಣೆ ಉಜ್ಜಿಕೊಂಡ. "ಮ... ಮುತೀಂಡಿ?"

ಹೊರಗಿನ ಬೆಂಚಿನ ಮೇಲೆ ಲಿಡಿಯಾ ಕಾಯುತ್ತಿದ್ದಳು.

"ಸಿಕ್ಕಿದ್ನಾ?"

"ಸಿಕ್ಕಿದ."

"ನನ್ನ ತಂಗಿ ಮೇಲೆ ಏನಿತ್ತಂತೆ ಅವನಿಗೆ?"

"ಏನೂ ಇಲ್ಲ."

ಇನ್ನೇನಾದರೂ ಹೇಳಿಯಾಳು ಎಂದು ಲಿಡಿಯಾ ಅವಳ ಮುಖವನ್ನೇ ನೋಡುತ್ತ ಕುಳಿತಳು. ಚೆಮ್ತಾಯ್ ಅವಳ ಪಕ್ಕ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತಳು.