ಸೊಂಟದೆತ್ತರದ ಮಣಿಸರ

ಅರ್ಧ ದಿನ ರಜೆ ಹಾಕಿ ಬಂದವಳು ಮನೆಯ ಬಾಗಿಲು ತೆಗೆದರೆ, ಹಜಾರದಲ್ಲಿ ಅಪರಿಚಿತ ಗಂಡಸೊಬ್ಬ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಸುತ್ತಿಗೆ. ಬಾಯಲ್ಲಿ ನಾಲ್ಕು ಮೊಳೆ.

“ಯಾರ್ರೀ ನೀವು?”

“ಮ್ಮ್,” ಎಂದ ಅವನು. ಬಾಯಿ ತುಂಬ ಮೊಳೆ ಕಚ್ಚಿಕೊಂಡವನು ಇನ್ನೇನು ಹೇಳಿಯಾನು?

“ನಮ್ಮನೇಲಿ ಏನ್ಮಾಡ್ತಿದ್ದೀರಿ ಅಂತ ಕೇಳ್ದೆ.”

“ಮ್ಮ್ ಮ್ಮ್.”

ಒಂದೊಂದೇ ಮೊಳೆ ತೆಗೆದು ಅಂಗೈ ಮೇಲಿಟ್ಟುಕೊಂಡು, ಎದ್ದು ನಿಂತು, ಅವನು ನಕ್ಕ. ಎತ್ತರದ ಆಳು, ಕಂದು ಫ್ರೇಮಿನ ಕನ್ನಡಕ. ನಗುವಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಕಳ್ಳನಾದವನು ಇಷ್ಟು ಚೆಂದ ನಗಬಾರದು ಎಂದು ಅವಳಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

“ಅಮ್ಮಾವ್ರು ಹೇಳಿಲ್ವಾ? ಮನೆ ಅಲಂಕಾರ ಕಲಿಸೋಕೆ ಬರ್ತೀನಿ. ವಾರಕ್ಕೆ ಮೂರು ದಿನ.”

“ಅಮ್ಮಾ!”

“ಯಾಕೇ ಹಾಗೆ ಕಿರುಚ್ತೀಯ? ನನ್ನ ಕಿವಿ ಚೆನ್ನಾಗೇ ಇದೆ,” ಎಂದಳು ಅಮ್ಮ, ಕಿಟಕಿ ಪಕ್ಕದ ಕುರ್ಚಿಯಿಂದ. “ಇವ್ರು ಬಸ್ ಸ್ಟಾಪ್ ಹತ್ರ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ನಂಗೆ ಮೇಷ್ಟ್ರು. ಮನೇಲಿ ಸುಮ್ನೆ ಕೂತು ಬೇಜಾರಾಗ್ತಿತ್ತು ಕಣೇ.”

ಕನ್ನಡಕ ಮಾರುವವನಿಗೂ ಮನೆ ಅಲಂಕಾರಕ್ಕೂ ಏನು ಸಂಬಂಧ, ನೀವೇ ಹೇಳಿ. ಅವಳೂ ಅದನ್ನೇ ಕೇಳಿದಳು. ಅಮ್ಮ ಚಹಾ ತಣ್ಣಗಾಗುತ್ತೆ ಅಂದಳು. ಅವನು ಅಂಗಡಿ ತೆಗೆಯೋ ಹೊತ್ತಾಯ್ತು ಅಂದ.

ಅವಳು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವಳು. ಗಿರಾಕಿ ಒಣಗಿದ ಎಲೆಯೊಂದನ್ನು ತಂದು “ಇದೇ ಬಣ್ಣ ಬೇಕು” ಅಂದರೆ, ಹತ್ತು ನಿಮಿಷದಲ್ಲಿ ಡಬ್ಬಿ ಅವನ ಕೈಯಲ್ಲಿರುತ್ತಿತ್ತು. ಬೀದಿಯವರಿಗೆಲ್ಲ ಅವಳು ‘ಬಣ್ಣದವಳು’. ಅಪ್ಪ ಹಾಸಿಗೆ ಹಿಡಿದ ನಾಲ್ಕು ವರ್ಷ ಅವಳೇ ನೋಡಿಕೊಂಡಳು. ಆಗ ಮದುವೆಗೆ ಗೊತ್ತಾಗಿದ್ದ ಹುಡುಗ ಕಾದು ಕಾದು ಬೇರೆ ಕಡೆ ಮದುವೆಯಾದ. ಅಪ್ಪನೂ ಹೋದ. ಈಗ ಅವಳಿಗೆ ಮೂವತ್ತಮೂರು, ಮನೆಯಲ್ಲಿ ಅಮ್ಮ, ಅಮ್ಮನ ಹೆಸರಿನಲ್ಲಿ ಈ ಪುಟ್ಟ ಮನೆ. ಯಾರಾದರೂ ಮದುವೆಯ ಮಾತೆತ್ತಿದರೆ “ಆ ಷೇಡು ನಮ್ಮಂಗಡೀಲಿ ಬರಲ್ಲ” ಎಂದು ನಗಿಸಿ ಕಳಿಸುತ್ತಿದ್ದಳು.

ಅಮ್ಮ ಒಂದು ಕಾಲದಲ್ಲಿ ಗುಂಡಿ, ದಾರ, ಮಣಿ ಮಾರುವ ಅಂಗಡಿ ಇಟ್ಟಿದ್ದವಳು. ಅಂಗಡಿ ಮುಚ್ಚಿದರೂ ಡಬ್ಬಿಗಳು ಮಂಚದ ಕೆಳಗೆ ಉಳಿದಿದ್ದವು. ಈಗ ಆ ಡಬ್ಬಿಗಳೆಲ್ಲ ಹೊರಗೆ ಬಂದವು.

ಬಂದು ಮಾಡಿದ್ದೇನು? ಬೀದಿಬಾಗಿಲಿನಿಂದ ಅಡುಗೆಮನೆವರೆಗೆ, ಗೋಡೆಗುಂಟ, ಸೊಂಟದೆತ್ತರಕ್ಕೆ ಒಂದು ಹಗ್ಗ. ಅದರಲ್ಲಿ ಅಲ್ಲಲ್ಲಿ ಮಣಿ. ಗಿಳಿಹಸಿರಿನ ಪಕ್ಕ ಗುಲಾಬಿ, ಅದರ ಪಕ್ಕ ಕೆಸರಿನಂಥ ಮರದ ಮಣಿ ಮೂರು. ಮೇಜಿನ ಮೂಲೆಗೆಲ್ಲ ಉಣ್ಣೆಬಟ್ಟೆಯ ಟೋಪಿ. ಸಕ್ಕರೆ ಡಬ್ಬಿಗೆ ಸೆಣಬಿನ ದಾರ ಸುತ್ತಿದ್ದರು, ಚಹಾಪುಡಿ ಡಬ್ಬಿಗೆ ರೇಷ್ಮೆ ದಾರ, ಉಪ್ಪಿನ ಡಬ್ಬಿಗೆ ಏನೂ ಇಲ್ಲ. ಹಿತ್ತಿಲ ಬಾಗಿಲಿಗೆ ಬಾಟಲಿ ಮುಚ್ಚಳಗಳ ತೋರಣ, ಗಾಳಿ ಬೀಸಿದರೆ ಕಿಣಿಕಿಣಿ. ಬಣ್ಣದವಳ ಕಣ್ಣಿಗೆ ಇದು ದಿನವೂ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ.

“ಅಮ್ಮ, ಅಲಂಕಾರ ಅಂದ್ರೆ ಕಣ್ಣಿಗೆ ಹಿತವಾಗಿರ್ಬೇಕು.”

“ನಂಗೆ ಹಿತವಾಗೇ ಇದೆ.”

“ಯಾರಾದ್ರೂ ಹಗ್ಗಾನ ಸೊಂಟದೆತ್ತರಕ್ಕೆ ಕಟ್ತಾರಾ? ನಿನ್ನ ಮೇಷ್ಟ್ರಿಗೆ ರುಚಿಯೇ ಇಲ್ಲ.”

“ಪಾಪ, ಒಳ್ಳೇವ್ರು ಕಣೇ.”

“ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ.”

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ,” ಎಂದು ಅಮ್ಮ ಹೊಡೆದಂತೆ ಹೇಳಿದಳು.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತೇನೋ. ಮೂರು ತಿಂಗಳಾಗುವ ಹೊತ್ತಿಗೆ ಪಕ್ಕದ ಮನೆಯಕ್ಕ ಬಟ್ಟೆ ಹರವುತ್ತಾ ಅವಳ ತಲೆಗೆ ಹುಳ ಬಿಟ್ಟಳು. “ನೀನು ಇಲ್ದೇ ಇದ್ದಾಗ್ಲೇ ಬರ್ತಾನಲ್ಲೇ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ. ಒಂಟಿ ಹೆಂಗಸು, ಸ್ವಂತ ಮನೆ... ಕಾಲ ಕೆಟ್ಟೋಗಿದೆಯಮ್ಮ. ನಾನೇನೂ ಹೇಳಲ್ಲಪ್ಪ.” ಏನೂ ಹೇಳುವುದಿಲ್ಲ ಎನ್ನುತ್ತಲೇ ಎಲ್ಲ ಹೇಳಿಯಾಗಿತ್ತು.

ಅದಾದ ಎರಡು ದಿನಕ್ಕೆ, ಅಮ್ಮ ಗುಂಡಿ ಡಬ್ಬಿಯಲ್ಲಿ ಏನೋ ಕಾಗದ ಮಡಚಿಡುವುದನ್ನು ಕಂಡಳು. ಕೆಳಗೆ ಅಮ್ಮನ ಸಹಿ, ಗೆರೆ ಬಿಟ್ಟು ಓರೆಯಾಗಿ ಇಳಿದಿತ್ತು. ಅದರ ಪಕ್ಕದಲ್ಲಿ ಯಾವುದೋ ಸೀಲು. “ಏನಮ್ಮ ಅದು?” ಅಂದರೆ ಅಮ್ಮ ಮುಚ್ಚಳ ಒತ್ತಿ, “ಹಳೇ ರಸೀದಿ” ಅಂದಳು. ಆ ಮೇಷ್ಟ್ರು ಮನೆ ಬರೆಸಿಕೊಂಡನೇನು?

ಮರುದಿನವೇ ಅವನ ಅಂಗಡಿಗೆ ಹೋದಳು.

ಪುಟ್ಟ ಅಂಗಡಿ, ಗೋಡೆ ತುಂಬ ಕನ್ನಡಕ. ಅವಳನ್ನು ಕಂಡು ಅವನು ಗಾಬರಿಯಾಗಲಿಲ್ಲ. ಎಡಗೆನ್ನೆಯ ಗುಳಿ ಮಾತ್ರ ಹಾಜರಾಯಿತು.

“ಕಣ್ಣು ಟೆಸ್ಟ್ ಮಾಡಿಸ್ಬೇಕು,” ಎಂದಳು ಬಿಗಿಯಾಗಿ.

“ನಿಮ್ದಾ, ನಂದಾ?”

“ಅಂದ್ರೆ?”

“ಬಾಗಿಲಲ್ಲಿ ನಿಂತು ಐದು ನಿಮಿಷದಿಂದ ನನ್ನನ್ನೇ ನೋಡ್ತಿದ್ರಿ. ಅದಕ್ಕೆ ಕೇಳ್ದೆ.”

ಅವಳ ಕಿವಿ ಬಿಸಿಯಾಯಿತು. ಕುರ್ಚಿಯಲ್ಲಿ ಕೂರಿಸಿ, ಸಣ್ಣ ಟಾರ್ಚು ಹಿಡಿದು ಅವನು ಬಗ್ಗಿದ. ಸೋಪಿನ ವಾಸನೆ. ಉಸಿರು ತಾಗುವಷ್ಟು ಹತ್ತಿರ. ಕಳ್ಳನ ಕಣ್ಣನ್ನು ಇಷ್ಟು ಹತ್ತಿರದಿಂದ ನೋಡಿದರೆ ಸುಳ್ಳು ಗೊತ್ತಾಗಬೇಕು ಎಂದುಕೊಂಡಿದ್ದಳು. ಗೊತ್ತಾದದ್ದು ಇಷ್ಟೇ: ಅವನ ಕಣ್ಣು ಪೂರ್ತಿ ಕಪ್ಪಲ್ಲ, ಅಂಚಿಗೆ ಜೇನಿನ ಬಣ್ಣ. ಈ ಬಣ್ಣ ಬೆರೆಸುವುದು ಕಷ್ಟ ಎಂದು ಅವಳ ಮನಸ್ಸು ಅನುಮತಿ ಕೇಳದೆಯೇ ಲೆಕ್ಕ ಹಾಕಿತು.

“ರೆಪ್ಪೆ ಬಡೀಬಹುದು,” ಎಂದ ಮೆಲ್ಲಗೆ. “ತಪ್ಪೇನಿಲ್ಲ.”

ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದ. ಒಂದೂ ತಪ್ಪದೆ ಹೇಳಿದಳು. “ಬಣ್ಣ ನಿಮಗೆ ಚೆನ್ನಾಗಿ ಕಾಣುತ್ತೆ,” ಎಂದು ಅವನು ಪುಸ್ತಕ ಮುಚ್ಚಿದ.

“ಉಳಿದದ್ದು?”

“ಉಳಿದದ್ದು ಕಾಣೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ.”

“ನೇರವಾಗಿ ಕೇಳ್ತೀನಿ. ನಮ್ಮಮ್ಮನ ಹತ್ರ ಯಾವ ಕಾಗದಕ್ಕೆ ಸಹಿ ಹಾಕಿಸ್ಕೊಂಡ್ರಿ?”

ಅವನ ನಗು ಆರಿತು. ಲೆನ್ಸು ಒರೆಸುವ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಅದನ್ನ ಅಮ್ಮಾವ್ರನ್ನೇ ಕೇಳಿ. ನಾನು ಮಾತು ಕೊಟ್ಟಿದ್ದೀನಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡು ಅವಳು ಎದ್ದು ಬಂದಳು. ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಅವನು ಕೆಟ್ಟವನೆಂದು ಖಾತ್ರಿಯಾದದ್ದಕ್ಕೆ ತನಗೇಕೆ ಇಷ್ಟು ಸಂಕಟ ಎಂಬುದೇ ಅವಳಿಗೆ ಅರ್ಥವಾಗಲಿಲ್ಲ.

ಭಾನುವಾರ ರಾತ್ರಿ ಅಮ್ಮ ಮಲಗಿದ ಮೇಲೆ ಆ ಸಂಕಟಕ್ಕೆಲ್ಲ ಒಂದು ಕೆಲಸ ಸಿಕ್ಕಿತು. ಹಗ್ಗ ಬಿಚ್ಚಿದಳು. ಮಣಿಯೆಲ್ಲ ತಟ್ಟೆಗೆ ಸುರಿದು, ಬಣ್ಣಕ್ಕೆ ಬಣ್ಣ ಹೊಂದಿಸಿ ಪೋಣಿಸಿದಳು. ಬೀದಿಬಾಗಿಲಲ್ಲಿ ಗಾಢ ಕಂದು, ಆಮೇಲೆ ಕೆಂಪು, ಗುಲಾಬಿ, ಅಡುಗೆಮನೆಗೆ ಮುಟ್ಟುವಾಗ ತಿಳಿ ಹಾಲುಬಿಳುಪು. ಹಗ್ಗವನ್ನು ಹಳೆಯ ಮೊಳೆಗಳಿಗೇ ಕಟ್ಟಿ ದೂರ ನಿಂತು ನೋಡಿದಳು. ಮನೆ ಎಷ್ಟು ಚೆಂದ ಕಾಣುತ್ತಿತ್ತು! ಅಮ್ಮನಿಗೆ ಹೇಳಲಿಲ್ಲ. ನಾಳೆ ಮೇಷ್ಟ್ರು ಬಂದು ನೋಡಲಿ, ರುಚಿ ಅಂದರೆ ಏನೆಂದು ಕಲಿಯಲಿ.

ಸೋಮವಾರ ತಿಂಡಿ, ಊಟ ಎಲ್ಲ ಅಮ್ಮನ ಕುರ್ಚಿಯ ಬಳಿಗೇ ತಂದಿಟ್ಟು, ಕೆಲಸಕ್ಕೆ ಹೋಗುವವಳಂತೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಹಿತ್ತಿಲಿಂದ ಬಂದು, ಮುಚ್ಚಳಗಳ ತೋರಣ ಕಿಣಿಗುಟ್ಟದಂತೆ ಎತ್ತಿಹಿಡಿದು ಒಳನುಸುಳಿ, ರೂಮಿನ ಬಾಗಿಲ ಸಂದಿಯಲ್ಲಿ ಅವಿತು ಕೂತಳು. ಇಂದು ರೆಡ್ ಹ್ಯಾಂಡಾಗಿ ಹಿಡಿಯಲೇಬೇಕು.

ಒಂದಕ್ಕೆ ಸರಿಯಾಗಿ ಬಾಗಿಲು ಬಡಿದ ಸದ್ದು. “ಬಾಗಿಲು ತೆಗೆದೇ ಇದೆ ಮೇಷ್ಟ್ರೇ, ಒಳಗೆ ಬನ್ನಿ. ಚಹಾಕ್ಕೆ ನೀರಿಟ್ಟು ಬರ್ತೀನಿ,” ಎಂದು ಅಮ್ಮ ಕುರ್ಚಿ ಬಿಟ್ಟೆದ್ದಳು. ಅಡುಗೆಮನೆಗೆ ಇಳಿಯಲು ಎರಡು ಮೆಟ್ಟಿಲಿತ್ತು.

ಬಾಗಿಲ ಸಂದಿಯಿಂದ ಅವಳು ಆಗ ಕಂಡಳು. ಅಮ್ಮ ಎದುರಿಗೆ ನೋಡುತ್ತಿರಲಿಲ್ಲ. ಕೈ ಚಾಚಿ ಗೋಡೆ ಹುಡುಕಿ, ಹಗ್ಗ ಹಿಡಿದು, ಮಣಿಯಿಂದ ಮಣಿಗೆ ಬೆರಳು ಸರಿಸುತ್ತಾ, ತುಟಿಯಲ್ಲೇ ಎಣಿಸುತ್ತಾ ಬರುತ್ತಿದ್ದಳು. ಒಮ್ಮೆ ನಿಂತಳು. ಬೆರಳು ಏನನ್ನೋ ಹುಡುಕಿತು. ಸಿಗದಿದ್ದಾಗ, ಇನ್ನೂ ಬಂದಿಲ್ಲ ಎಂದುಕೊಂಡವಳಂತೆ ಧೈರ್ಯವಾಗಿ ಮುಂದಿನ ಹೆಜ್ಜೆ ಇಟ್ಟಳು.

ಅಲ್ಲಿ ನೆಲ ಇರಲಿಲ್ಲ.

“ಅಮ್ಮಾ!” ಎಂದು ಅವಳು ಕಿರುಚುವಷ್ಟರಲ್ಲಿ ಅವನು ಹಜಾರ ದಾಟಿ ಹಾರಿ ಬಂದಿದ್ದ. ಅಮ್ಮನ ರಟ್ಟೆ ಸಿಕ್ಕಿತು. ಅಮ್ಮನ ಇನ್ನೊಂದು ಕೈ ಅವನ ಷರ್ಟನ್ನು ಹಿಡಿದು ಜಗ್ಗಿತು, ಗುಂಡಿಯೊಂದು ಕಿತ್ತು ನೆಲಕ್ಕುರುಳಿತು. ಅಮ್ಮನ ಕಾಲು ಉಳುಕಿತ್ತು, ಹಣೆ ತರಚಿತ್ತು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು.

ಅಮ್ಮನನ್ನು ಕೂರಿಸಿ ಅವನು ಹಗ್ಗ ಮುಟ್ಟಿ ನೋಡಿದ. “ಮಣಿ ಯಾರು ಬದಲಾಯಿಸಿದ್ದು?”

“ನಾನು. ಬಣ್ಣ ಹೊಂದ್ತಿರ್ಲಿಲ್ಲ ಅಂತ...”

“ಅದು ಬಣ್ಣಕ್ಕೆ ಪೋಣಿಸಿದ್ದಲ್ಲ ರೀ!” ಎಂದು ಅವನು ಕೂಗಿದ. “ಮರದ ಮಣಿ ಮೂರು ಸಿಕ್ಕಿದ್ರೆ ಮೆಟ್ಟಿಲು. ಎರಡು ಸಿಕ್ಕಿದ್ರೆ ತಿರುವು. ಮೂರು ತಿಂಗಳು ಕೂತು ಕಲಿತಿದ್ದಾರೆ ಅಮ್ಮಾವ್ರು.”

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಅವಳ ದನಿ ಬಂದ ಕಡೆಗೆ ನೋಡುತ್ತಿದ್ದಳು.

“ಬೈಬೇಡಿ ಮೇಷ್ಟ್ರೇ, ತಪ್ಪು ನಂದು,” ಎಂದಳು ಅಮ್ಮ. “ಹೊಸ ಕನ್ನಡಕ ಬೇಕು ಅಂತ ಇವ್ರ ಅಂಗಡಿಗೆ ಹೋಗಿದ್ದೆ ಕಣೇ. ಕನ್ನಡಕದಿಂದ ಆಗೋದಲ್ಲ ಅಂತ ಇವ್ರೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಹೋದ ದೃಷ್ಟಿ ಬರಲ್ಲವಂತೆ. ಇರೋದನ್ನ ಡ್ರಾಪ್ಸ್ ಹಾಕಿ ಉಳಿಸ್ಕೋಬೇಕಂತೆ. ನೀನು ನೋಡಿದ್ದು ಆ ಆಸ್ಪತ್ರೆ ಕಾಗದ.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಕೆಲಸ ಬಿಟ್ಟು ನನ್ನ ಪಕ್ಕ ಕೂತ್ಬಿಡ್ತಿದ್ದೆ. ಅಪ್ಪನಿಗೆ ನಾಲ್ಕು ವರ್ಷ ಕೊಟ್ಟೆ. ಉಳಿದದ್ದನ್ನೂ ನಾನು ತಿಂದುಹಾಕ್ಲಾ? ನಾನೇ ಓಡಾಡೋದನ್ನ ಕಲಿತು, ಆಮೇಲೆ ಹೇಳೋಣ ಅಂದ್ಕೊಂಡಿದ್ದೆ.”

ದಿನವೆಲ್ಲ ಬಣ್ಣ ಅಳೆಯುವ ಕಣ್ಣು ಅವಳದು. ಒಂದೇ ಸೂರಿನಡಿ ಇದ್ದು ಅಮ್ಮನ ಕಣ್ಣು ಮಬ್ಬಾಗುವುದನ್ನು ಕಾಣಲಿಲ್ಲ. ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ತಲೆಯೆತ್ತಿದಾಗ ಅವನು ಹೋಗಿದ್ದ. ನೆಲದ ಮೇಲೆ ಆ ಬಿಳಿ ಗುಂಡಿ ಬಿದ್ದಿತ್ತು.

ಬುಧವಾರ ಅವನು ಬರಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಅವಳೇ ಹೋಗಿ ಕೌಂಟರಿನ ಮುಂದೆ ನಿಂತಳು.

“ಮನೇಲಿ ನೀವೇ ಇದ್ದೀರಲ್ಲ ಇನ್ನು,” ಎಂದ ಅವನು, ತಲೆಯೆತ್ತದೆ. “ನಾನ್ಯಾಕೆ?”

“ನಿಮ್ಮನ್ನ ಕಳ್ಳ ಅಂದ್ಕೊಂಡೆ. ತಪ್ಪಾಯ್ತು.”

“ನಾನೂ ನಿಮ್ಮ ಮೇಲೆ ಕೂಗ್ಬಿಟ್ಟೆ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಗೋಡೆಗೆ ಹಗ್ಗ ಕಟ್ಟಿದ್ದು ನಮ್ಮಮ್ಮ. ಅಪ್ಪ ಬಿದ್ದಿದ್ದು ನೆನಪಾಗಿ...”

“ಮಣಿ ಮತ್ತೆ ಪೋಣಿಸ್ಬೇಕು. ನಂಗೆ ಬರಲ್ಲ,” ಎಂದಳು. “ಕಲಿಸ್ತೀರಾ?”

ಎಡಗೆನ್ನೆಯ ಗುಳಿ ಸ್ವಲ್ಪ ಯೋಚಿಸಿ, ಕೊನೆಗೂ ಕಾಣಿಸಿಕೊಂಡಿತು.

ಭಾನುವಾರ ಹಜಾರದ ನೆಲದ ಮೇಲೆ ಇಬ್ಬರೂ ಮಣಿ ತಟ್ಟೆಯ ಆಚೆ ಈಚೆ ಕೂತರು. “ಮೊದಲು ಕಣ್ಣು ಮುಚ್ಚಿ,” ಎಂದ ಅವನು. ಮುಚ್ಚಿದಳು. ಗಾಜು ತಣ್ಣಗೆ, ಮರ ಬೆಚ್ಚಗೆ. ಹುಡುಕುವ ಬೆರಳಿಗೆ ಅವನ ಬೆರಳು ತಾಗಿತು.

“ಇದು ಮಣಿ ಅಲ್ಲ,” ಎಂದ.

“ಗೊತ್ತು,” ಎಂದಳು. ಕೈ ತೆಗೆಯಲಿಲ್ಲ.

“ಈಗ್ಲೂ ಅನುಮಾನ ಇದೆಯಾ ನನ್ಮೇಲೆ?”

“ಇದೆ. ಕಣ್ಣು ತೆಗೆದ್ರೆ ನೀವು ನನ್ನೇ ನೋಡ್ತಿರ್ತೀರಿ ಅಂತ ಅನುಮಾನ.”

ತೆಗೆದಳು. ಅನುಮಾನ ನಿಜವಾಗಿತ್ತು.

ಸರ ಮುಗಿದಾಗ ಗಿಳಿಹಸಿರಿನ ಪಕ್ಕ ಮತ್ತೆ ಗುಲಾಬಿಯೇ ಕೂತಿತ್ತು. ಅವಳು ನೋಡಿ ನಕ್ಕು ಹಾಗೇ ಬಿಟ್ಟಳು. ಕೊನೆಯ ಗಂಟು ಮಾತ್ರ ತಾನೊಬ್ಬಳೇ ಹಾಕುತ್ತೇನೆಂದು ಹಟ ಹಿಡಿದಳು.

ಹೊರಡುವಾಗ ಅವನು ಅಭ್ಯಾಸದಂತೆ ಹಗ್ಗದ ಮೇಲೆ ಬೆರಳಾಡಿಸುತ್ತಾ ಬೀದಿಬಾಗಿಲವರೆಗೆ ಹೋದ. ಅಲ್ಲಿ ಬೆರಳು ನಿಂತಿತು. ಬಗ್ಗಿ ನೋಡಿದ. ತನ್ನ ಷರ್ಟಿನ ಎರಡನೇ ಗುಂಡಿ.

“ಅವತ್ತಿನ ಷರ್ಟೇ ಹಾಕಿದ್ದೀರಿ,” ಎಂದಳು ಅವಳು, ಹಿಂದೆಯೇ ಬಂದು. “ಗುಂಡಿ ಹೊಲಿಸ್ಕೋಬಾರದಾ?”

“ಕಳೆದದ್ದು ಸಿಗುತ್ತೇನೋ ಅಂತ ಕಾಯ್ತಿದ್ದೆ. ಇಲ್ಯಾಕೆ ಕಟ್ಟಿದ್ರಿ? ಏನರ್ಥ ಇದಕ್ಕೆ?”

“ಇಲ್ಲಿ ಒಬ್ಬರು ನಿಲ್ತಾರೆ ಅಂತ.” ಅವಳು ಗುಂಡಿಯನ್ನು ಬೆರಳಲ್ಲಿ ತಿರುಗಿಸಿದಳು. “ಬಂದು ಹೋಗೋರು ಅಲ್ಲ. ಇಲ್ಲೇ ಇರೋರು. ಅವರು ಒಪ್ಪಿದ್ರೆ.”

ಅವನು ಅವಳ ಕೈ ಹಿಡಿದುಕೊಂಡ. ಅಂಗೈ ಬೆವರಿತ್ತು. ಯಾರದೆಂದು ಹೇಳುವುದು ಕಷ್ಟ.

“ಯಾಕೆ ಇಬ್ಬರೂ ಸುಮ್ಮನಾಗ್ಬಿಟ್ರಿ?” ಅಡುಗೆಮನೆಯಿಂದ ಅಮ್ಮನ ದನಿ. ಇಬ್ಬರೂ ಬೆಚ್ಚಿ ಕೈ ಬಿಟ್ಟರು. “ನನ್ನ ಬೆನ್ನ ಹಿಂದೆ ಏನು ನಡೀತಿದೆ?”

ಅಮ್ಮ ಹಗ್ಗ ಹಿಡಿದು ಕುಂಟುತ್ತಾ ಬಂದಳು. ಮೂರು ಮರದ ಮಣಿ, ನಿಂತಳು. ಎರಡೂ ಮೆಟ್ಟಿಲು ಹತ್ತಿದಳು. ಎರಡು ಮಣಿ, ತಿರುಗಿದಳು. ಕಿಟಕಿ ದಾಟಿ, ಕುರ್ಚಿ ದಾಟಿ, ಬೀದಿಬಾಗಿಲ ಹತ್ತಿರ ಅವಳ ಹೆಬ್ಬೆರಳು ಹೊಸದೊಂದರ ಮೇಲೆ ಬಂದು ಕೂತಿತು. ಒಮ್ಮೆ ಉಜ್ಜಿದಳು, ಮತ್ತೊಮ್ಮೆ ಉಜ್ಜಿದಳು.

“ಇದು ಮಣಿ ಅಲ್ಲ. ನಾಲ್ಕು ತೂತು. ಗಂಡಸರ ಷರ್ಟಿನ ಗುಂಡಿ,” ಎಂದಳು. “ಇಪ್ಪತ್ತೈದು ವರ್ಷ ಗುಂಡಿ ಮಾರಿದ ಕೈ ಇದು. ಯಾರದ್ದು ಅಂತ ನೀನೇ ಹೇಳ್ತೀಯೋ, ಇಲ್ಲಾ ಬಂದೋರ ಷರ್ಟೆಲ್ಲ ನಾನೇ ತಡವಿ ನೋಡ್ಲೋ?”

ಅವನು ಒಂದು ಹೆಜ್ಜೆ ಒಳಗೆ ಬಂದು, ಅಮ್ಮನ ಕೈಯನ್ನು ಮೆಲ್ಲಗೆ ಹಿಡಿದು, ತನ್ನ ಷರ್ಟಿನ ಆ ಖಾಲಿ ಜಾಗದ ಮೇಲೆ ಇಟ್ಟ.