ಎರಡರಿಂದ ನಾಲ್ಕರ ಸದ್ದು

ಮುಂಬೈ ಚೆಂಬೂರಿನ ನಮ್ಮ ಫ್ಲಾಟಿನಲ್ಲಿ ನಾನು ಪಳೆಯುಳಿಕೆಗಳಿಗೆ ಅಂಟಿದ ಕಲ್ಲು ಬಿಡಿಸುತ್ತೇನೆ. ಕಂಪ್ರೆಸರಿನ ಗಾಳಿಯಿಂದ ಕುಟ್ಟುವ ಸಣ್ಣ ಉಳಿ, ದೂಳು ಹಾರದಂತೆ ಗಾಜಿನ ಪೆಟ್ಟಿಗೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸದ್ದಾದರೆ ಈ ಸಲಕರಣೆಗಳನ್ನೆಲ್ಲ ಫ್ಲಾಟಿನಿಂದ ತೆಗೆಯಬೇಕೆಂದು ಕಟ್ಟಡದ ಸೊಸೈಟಿಯ ಷರತ್ತು.

ಮಂಗಳವಾರ ಮೂರು ಗಂಟೆಗೆ ಕೆಳಮನೆಯ ವಸಂತಿಯಕ್ಕ ಬಂದರು.

"ಎಂಥ ಮಾರಾಯ್ರೆ, ಮೂರು ದಿನದಿಂದ ಕಿರ್ರ್ ಅಂತ! ಮಾವ ಮಲಗೋದು ಬೇಡ್ವಾ? ಸೆಕ್ರೆಟರಿಗೆ ಹೇಳ್ತೇನೆ."

"ಅಕ್ಕಾ, ಕಂಪ್ರೆಸರ್ ಶನಿವಾರದಿಂದ ವಿಕ್ರೋಳಿಯಲ್ಲಿ ರಿಪೇರಿಗಿದೆ. ಬಂದು ನೋಡಿ."

"ಈಗಲೂ ಕೇಳ್ತಾ ಉಂಟಲ್ಲ!"

ನನಗೆ ಏನೂ ಕೇಳಿಸಲಿಲ್ಲ. ಮುಚ್ಚಿದ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಗಾಜು ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ಒಳಗೆ ಹೊಸ ಕಲ್ಲುಪುಡಿ ಬಿದ್ದಿತ್ತು. ಶನಿವಾರ ಅದರೊಳಗಿನ ಪಳೆಯುಳಿಕೆಯ ಬೆನ್ನೆಲುಬಿನ ಎರಡು ಮಣಿಗಳನ್ನಷ್ಟೇ ಬಿಡಿಸಿದ್ದೆ. ಈಗ ಐದು ಕಾಣುತ್ತಿದ್ದವು.

ಪೆಟ್ಟಿಗೆಯನ್ನು ಕಣ್ಣಾರೆ ನೋಡಿದ ಅಕ್ಕ ದೂರು ಕೊಡಲಿಲ್ಲ. ಮಾವನ ಹಾಸಿಗೆಯನ್ನು ಬೇರೆ ಕೋಣೆಗೆ ಹಾಕಿದರು.

ಕಂಪ್ರೆಸರ್ ಇನ್ನೂ ಬಂದಿಲ್ಲ. ಇಂದು ಮಣಿಗಳು ಏಳು.