ಹಳೇ ಪಟ್ಟಿಯ ನಾಲ್ಕು ಪದ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಹತ್ತು ಇಪ್ಪತ್ತು. ಠಾಣೆಗೆ ಬಂದ ದೂರುದಾರೆ ಮನಶ್ಶಾಸ್ತ್ರಜ್ಞೆ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಪರೀಕ್ಷಿಸಿ, ನೆನಪು ಎಷ್ಟು ಕೆಟ್ಟಿದೆ ಎಂದು ನ್ಯಾಯಾಲಯಕ್ಕೆ ವರದಿ ಕೊಡುವುದು ಅವರ ಕೆಲಸ. ಪರಿಹಾರ ಸಿಗುವುದೂ ಬಿಡುವುದೂ ಆ ವರದಿಯ ಮೇಲೆ ನಿಂತಿರುತ್ತದೆ.

"ನನ್ನ ಬೀರುವಿಂದ ಪರೀಕ್ಷೆ ಪಟ್ಟಿ ಕಳುವಾಗಿದೆ ಸರ್."

"ಬೀಗ ಒಡೆದಿದಾರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ. ಪಟ್ಟಿ ಬೀರುವಲ್ಲೇ ಇದೆ."

ಠಾಣೆಯವರೆಲ್ಲ ದೊಡ್ಡಪ್ಪ ಎನ್ನುವ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. "ಇರೋ ವಸ್ತು ಕಳುವಾಯ್ತು ಅಂತ ಹೇಗಮ್ಮ ಬರ್ಕೊಳ್ಳೋದು?"

ಆಕೆ ಬಿಡಿಸಿ ಹೇಳಿದರು. ಹದಿನೈದು ಪದಗಳನ್ನು ಓದುತ್ತಾರೆ, ಎದುರಿಗಿದ್ದವರು ನೆನಪಿದ್ದಷ್ಟನ್ನು ತಿರುಗಿ ಹೇಳಬೇಕು. ಹಳೆಯ ಪಟ್ಟಿ ಬಹಳ ದಿನದ್ದಾಯಿತೆಂದು ಅವರು ನಿನ್ನೆ ಹೊಸದನ್ನು ಓದಿದ್ದರು. ಎದುರಿಗಿದ್ದ ಲಿಫ್ಟ್ ಮೆಕ್ಯಾನಿಕ್ ತಲೆ ಕೆರೆದುಕೊಂಡು "ಏಣಿ, ಸಾಬೂನು, ಕುದುರೆ, ಬೀಗ" ಎಂದ. ಒಂದೂ ಹೊಸ ಪಟ್ಟಿಯಲ್ಲಿರಲಿಲ್ಲ. ನಾಲ್ಕೂ ಹಳೆಯದರಲ್ಲಿದ್ದವು. ಸಂಜೆ ಕಡತಗಳನ್ನು ತೆಗೆದು ನೋಡಿದರೆ, ಒಂದು ವರ್ಷದಲ್ಲಿ ಇನ್ನೂ ಆರು ಮಂದಿ ಅವೇ ನಾಲ್ಕು ಪದ ಹೇಳಿದ್ದರು.

"ಎಲ್ಲ ಕಡೆ ಪಾಸಾಗೋಕೆ ಕಾಪಿ ಹೊಡೀತಾರೆ," ಎಂದರು ದೊಡ್ಡಪ್ಪ. "ಇಲ್ಲಿ ಫೇಲಾಗೋಕೆ."

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಎರಡಕ್ಕೆ ಪರೀಕ್ಷಾ ಕೊಠಡಿಯಲ್ಲಿ ಪಂಚನಾಮೆ. ಮೇಜು, ಎರಡು ಕುರ್ಚಿ, ಸ್ಟಾಪ್‌ವಾಚು, ಕಬ್ಬಿಣದ ಬೀರು. ಹೊರಗೆ ಪಡಸಾಲೆಯಲ್ಲಿ ಮನೆಯವರು ಕಾಯಲು ಒಂದು ಉದ್ದನೆ ಬೆಂಚು. ಬೀರುವಿಗೆ ಕೀ ಎರಡು. ಒಂದು ಮನಶ್ಶಾಸ್ತ್ರಜ್ಞೆಯ ಬಳಿ, ಇನ್ನೊಂದು ಗುಮಾಸ್ತೆಯ ಬಳಿ. ಗುಮಾಸ್ತೆಗೆ ಐವತ್ತರ ಆಸುಪಾಸು, ನಾಲ್ಕು ವರ್ಷದ ಸರ್ವಿಸು. ಬಂದವರೆಲ್ಲರ ಬಾಯಲ್ಲೂ ಆಕೆ 'ಅಕ್ಕ'. ಪೊಲೀಸರಿಗೂ ಕೇಳದೆಯೇ ನೀರು ತಂದಿಟ್ಟರು.

"ಯಾರ ಮೇಲೆ ಅನುಮಾನ?"

"ಅವರನ್ನ ಬಿಟ್ಟು ಯಾರ ಮೇಲಾದ್ರೂ," ಎಂದರು ಮನಶ್ಶಾಸ್ತ್ರಜ್ಞೆ.

ಬೇಲಿಯೇ ಎದ್ದು ಹೊಲ ಮೇಯುವುದನ್ನು ಮೂವತ್ತು ವರ್ಷ ನೋಡಿದ್ದ ದೊಡ್ಡಪ್ಪ ಸುಮ್ಮನೆ ನೀರು ಕುಡಿದರು.

ಹನ್ನೆರಡನೇ ತಾರೀಖು, ಬೆಳಗ್ಗೆ ಒಂಬತ್ತು. ಮೆಕ್ಯಾನಿಕ್‌ನ ಮನೆ ಮೂರನೇ ಮಹಡಿಯ ಒಂದೇ ಕೋಣೆ. ಆತ ಇನ್‌ಸ್ಪೆಕ್ಟರಿಗೆ ನಮಸ್ಕಾರ ಮಾಡಿ ಕುರ್ಚಿ ಕೊಟ್ಟ. ಐದು ನಿಮಿಷ ಬಿಟ್ಟು "ಓ, ಯಾವಾಗ ಬಂದ್ರಿ ಸರ್?" ಎಂದು ಮತ್ತೆ ನಮಸ್ಕಾರ ಮಾಡಿದ. ಹೆಂಡತಿ ತಲೆ ತಗ್ಗಿಸಿದಳು. ಇನ್‌ಸ್ಪೆಕ್ಟರ್ ಆತನಿಗೆ ಮತ್ತೆ ನಮಸ್ಕಾರ ಮಾಡಿ ಆಕೆಯ ಕಡೆ ತಿರುಗಿದರು.

"ಪದಗಳನ್ನ ಯಾರು ಹೇಳಿಕೊಟ್ರು?"

ಆಕೆ ಡಬ್ಬಿಯೊಳಗಿಂದ ಒಂದು ಚೀಟಿ ತೆಗೆದಳು. ಮೇಲೆ ನಾಲ್ಕು ಪದ. ಕೆಳಗೆ: 'ಇದಕ್ಕಿಂತ ಜಾಸ್ತಿ ಹೇಳಬೇಡಿ. ಚೆನ್ನಾಗಿದೀನಿ ಅಂತ ಮಾತ್ರ ಅನ್ನಲೇಬೇಡಿ.'

"ತಿಂಗಳಿಂದ ಬೆಳಗ್ಗೆ ಸಂಜೆ ಉರು ಹೊಡೆಸಿದೀನಿ ಸರ್."

"ಎಷ್ಟು ಕೊಟ್ರಿ?"

"ಒಂದು ಪೈಸೆನೂ ಮುಟ್ಟಲಿಲ್ಲ. ಉಪಕಾರ ಮಾಡಿದೋರ ಹೆಸರು ನನ್ನ ಬಾಯಿಂದ ಹೇಳಿಸ್ಬೇಡಿ."

ಹೇಳಿಸುವ ಅಗತ್ಯ ಬೀಳಲಿಲ್ಲ. ಪರೀಕ್ಷೆಗೆ ಬರಬೇಕಾದ ದಿನ, ಸಮಯ ಗುಮಾಸ್ತೆ ಬರೆದುಕೊಟ್ಟಿದ್ದ ಚೀಟಿ ಗೋಡೆಯ ಮೊಳೆಯಲ್ಲಿತ್ತು. ದೊಡ್ಡಪ್ಪ ಎರಡನ್ನೂ ಪಕ್ಕಪಕ್ಕ ಹಿಡಿದರು. ಎರಡೂ ಒಂದೇ ಕೈಬರಹ.

ಸಂಜೆ ಮನಶ್ಶಾಸ್ತ್ರಜ್ಞೆಗೆ ಚೀಟಿ ತೋರಿಸಿದಾಗ ಅವರು ಮೆಕ್ಯಾನಿಕ್‌ನ ಕಡತ ತೆಗೆದರು.

"ನಾಟಕ ಆಡೋನಾಗಿದ್ರೆ, ಅವತ್ತು ಓದಿದ್ದು ಬೇರೆ ಪದ ಅಂತ ತಕ್ಷಣ ಗೊತ್ತಾಗ್ತಿತ್ತು ಸರ್. ಉರು ಹೊಡೆದಿದ್ದು ಉಳಿದಿದೆ, ಆಗಷ್ಟೇ ಕೇಳಿದ್ದು ಉಳಿದಿಲ್ಲ."

"ಅಂದ್ರೆ?"

"ಅವನಿಗೆ ನಿಜವಾಗ್ಲೂ ಪೆಟ್ಟಾಗಿದೆ."

"ಹಾಗಂತ ನ್ಯಾಯಾಲಯಕ್ಕೆ ಬರೀರಿ."

"ಬರೀತೀನಿ. ಆದ್ರೆ ಯಾರೋ ಹೇಳಿಕೊಟ್ಟು ಕಳಿಸಿದ ಮನುಷ್ಯನ ಬಗ್ಗೆ ನಾನು ಏನು ಬರೆದ್ರೆ ಯಾರು ನಂಬ್ತಾರೆ?"

ಹದಿಮೂರು, ಗುರುವಾರ, ಸಂಜೆ ನಾಲ್ಕು. ಪರೀಕ್ಷಾ ಕೊಠಡಿಯಲ್ಲಿ ಇನ್‌ಸ್ಪೆಕ್ಟರ್ ಎರಡು ಚೀಟಿಗಳನ್ನೂ ಗುಮಾಸ್ತೆಯ ಮುಂದಿಟ್ಟರು.

"ನೀವು ಬರೆದಿದ್ದಾ?"

"ಹೌದು ಸರ್."

"ಯಾಕೆ?"

ಆಕೆ ಮನಶ್ಶಾಸ್ತ್ರಜ್ಞೆಯ ಕಡೆ ತಿರುಗಿದರು. "ಐದು ವರ್ಷದ ಹಿಂದೆ ನಮ್ಮನೆಯವರು ಇದೇ ಕುರ್ಚಿಲಿ ಕೂತಿದ್ರು ಮೇಡಂ. ಎತ್ತರದ ಕಟ್ಟಡಕ್ಕೆ ಬಣ್ಣ ಹೊಡೆಯೋರು, ಬಿದ್ದು ತಲೆಗೆ ಪೆಟ್ಟಾಗಿತ್ತು. ಅವತ್ತು ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಬಂದ್ರು. ಹೇಗಿದೀರಾ ಅಂದ್ರಿ, ಚೆನ್ನಾಗಿದೀನಿ ಅಂದ್ರು. ಹತ್ತು ಪದ ಹೇಳಿದ್ರು. ಮನೇಲಿ ಒಲೆ ಆರಿಸೋದು ಮರೀತಿದ್ರು, ಮಗಳ ಹೆಸರು ಮರೀತಿದ್ರು. ನಾನು ಬೆಂಚಿನ ಮೇಲೇ ಕೂತಿದ್ದೆ. ನನ್ನನ್ನ ಯಾರೂ ಒಳಗೆ ಕರೀಲಿಲ್ಲ. ಕೆಲಸಕ್ಕೆ ಅರ್ಹ ಅಂತ ಬರೆದ್ರಿ. ಮತ್ತೆ ಕೆಲಸಕ್ಕೆ ಹೋದ ಹನ್ನೊಂದನೇ ದಿನ ಹಗ್ಗದ ಕೊಕ್ಕೆ ಸಿಕ್ಕಿಸೋದು ಮರೆತ್ರು. ಈ ಸಲ ಬಿದ್ದೋರು ಬದುಕಲಿಲ್ಲ."

ಮನಶ್ಶಾಸ್ತ್ರಜ್ಞೆ ಕುರ್ಚಿಯ ಬೆನ್ನು ಹಿಡಿದು ನಿಂತರು. ಆ ಕಡತ ಅವರಿಗೆ ನೆನಪಾಗಲಿಲ್ಲ. ನೆನಪಾಗಲಿಲ್ಲವೆಂದೇ ಹೆಚ್ಚು ನಾಚಿಕೆಯಾಯಿತು.

"ಏಳು ಜನರಲ್ಲಿ ಸುಳ್ಳರು ಯಾರೂ ಇರಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬೆಂಚಿನ ಮೇಲೆ ಕೂತ ಮನೆಯವರ ಮುಖ ನೋಡ್ತಿದ್ದೆ ಸರ್. ನಿಜ ಅನ್ನಿಸಿದೋರಿಗೆ ಮಾತ್ರ ಹೇಳಿಕೊಟ್ಟೆ."

ನಾಲ್ಕು ಮೂವತ್ತೈದಕ್ಕೆ ಬಂಧನ. ಆಕೆ ಚೀಲದಿಂದ ಕೀ ತೆಗೆದುಕೊಟ್ಟು, ತೋರಿಸಿದಲ್ಲಿ ಸಹಿ ಮಾಡಿದರು. ಜೀಪು ಹತ್ತುವಾಗ ಒಂದೇ ಮಾತು ಕೇಳಿದರು.

"ಆ ಮೆಕ್ಯಾನಿಕ್ ಕೇಸು ಏನಾಗತ್ತೆ ಸರ್?"

ಇನ್‌ಸ್ಪೆಕ್ಟರ್ ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. ಆದರೆ ಅವರಿಗೆ ಹಾಗೆ ಸಾಗಹಾಕಲು ಬರುವುದಿಲ್ಲ.

"ಏಳು ವರದಿನೂ ರದ್ದಾಗತ್ತೆ. ಅವನ ನೆನಪು ನಿಜವಾಗ್ಲೂ ಕೆಟ್ಟಿದೆಯಂತೆ. ಚೀಟಿ ಇಲ್ಲದೇ ಇದ್ದಿದ್ರೆ ಪರಿಹಾರ ಸಿಕ್ಕೇ ಸಿಕ್ತಿತ್ತು ಅಂತಾರೆ ಮೇಡಂ."

ವಿಚಾರಣೆಯಲ್ಲಿ ಅಳದಿದ್ದ ಆಕೆ ಜೀಪಿನ ಬಾಗಿಲು ಹಿಡಿದು ಅತ್ತುಬಿಟ್ಟರು. ದೊಡ್ಡಪ್ಪ ಬೇರೆ ಕಡೆ ನೋಡುತ್ತ ನಿಂತರು.

"ಅವನ ಹೆಂಡತಿಗೆ ಇದನ್ನ ಹೇಳ್ಬೇಡಿ ಸರ್," ಎಂದರು ಆಕೆ, ಕಣ್ಣೊರೆಸಿಕೊಂಡು.

ಇನ್‌ಸ್ಪೆಕ್ಟರ್ ಹೇಳಲಿಲ್ಲ. ಆದರೆ ದೋಷಾರೋಪ ಪಟ್ಟಿಯಲ್ಲಿ ಬರೆಯಲೇಬೇಕಿತ್ತು, ಬರೆದರು.